ಒಂದು ದಿನದ ಮುದ್ದತ್ತು: ಬಿ.ಡಿ. ಜತ್ತಿಯವರು ಮತ್ತು ನಮ್ಮ ಕೋರ್ಟುಗಳು

ರಬಕವಿ ಎಲ್ಲಿ ಮುಗಿಯಿತು, ಬನಹಟ್ಟಿ ಎಲ್ಲಿ ಶುರುವಾಯಿತು ಎಂಬುದು ಪರಸ್ಥಳದವರಿಗೆ ಇವತ್ತು ಗೊತ್ತಾಗುವುದಿಲ್ಲ. ಎರಡೂ ಕಡೆ ಮಗ್ಗದ ಸಪ್ಪಳ, ಎರಡಕ್ಕೂ ಒಂದೇ ನಗರಸಭೆ. ಆದರೆ 1948ರ ಮಾರ್ಚ್ 8ರವರೆಗೆ ಈ ಊರುಗಳ ನಡುವೆ ಹಾದುಹೋಗಿದ್ದು ಎರಡು ಸಂಸ್ಥಾನಗಳ ಸರಹದ್ದು. ರಬಕವಿ ಸಾಂಗಲಿಯವರದು, ಬನಹಟ್ಟಿ ಜಮಖಂಡಿಯವರದು. ಎರಡೂ ಕಡೆ ಪಟವರ್ಧನರೇ ಆಳುತ್ತಿದ್ದರು ನಿಜ. ಆದರೆ ಮನೆತನದ ಶಾಖೆ ಬೇರೆ, ಖಜಾನೆ ಬೇರೆ, ಕೋರ್ಟೂ ಬೇರೆ. ರಬಕವಿಯ ನೇಕಾರನಿಗೆ ಬನಹಟ್ಟಿಯ ವ್ಯಾಪಾರಿ ಬಾಕಿ ಉಳಿಸಿಕೊಂಡರೆ ದಾವೆ ಹೂಡಬೇಕಾದದ್ದು ಪರರಾಜ್ಯದಲ್ಲಿ. ಅತ್ತ ಮುಧೋಳದಲ್ಲಿ ಘೋರ್ಪಡೆಯವರ ಆಡಳಿತ, ಮಹಾಲಿಂಗಪುರವೂ ಅವರದೇ. ಪೂರ್ವಕ್ಕೆ ಬೀಳಗಿ ಮಾತ್ರ ನೇರ ಬ್ರಿಟಿಷರ ವಿಜಾಪುರ ಜಿಲ್ಲೆಗೆ ಸೇರಿ ಮುಂಬಯಿ ಹೈಕೋರ್ಟಿನ ಹದ್ದಿನಲ್ಲಿತ್ತು. ಇನ್ನು ಹುಬ್ಬಳ್ಳಿಯ ಮಗ್ಗುಲಿನ ಕುಂದಗೋಳವೂ ಜಮಖಂಡಿ ಸಂಸ್ಥಾನದ್ದೇ ತಾಲೂಕು. ಅಲ್ಲಿಯ ಕಕ್ಷಿದಾರ ತನ್ನ ರಾಜಧಾನಿಗೆ ಬರಬೇಕಾದರೆ ನಡುವೆ ಬ್ರಿಟಿಷ್ ಸೀಮೆಯನ್ನೂ ದಾಟಬೇಕು, ಒಂದೆರಡು ಬೇರೆ ಸಂಸ್ಥಾನಗಳನ್ನೂ ದಾಟಬೇಕು.

ಜಮಖಂಡಿ, ರಬಕವಿ-ಬನಹಟ್ಟಿ, ಮುಧೋಳ, ಬೀಳಗಿ, ನಮ್ಮ ಈ ನಾಲ್ಕು ತಾಲೂಕುಗಳ ವಕೀಲಿ ವೃತ್ತಿ ಹುಟ್ಟಿದ್ದು ಈ ಗೋಜಲಿನಲ್ಲಿ. ಒಂದು ದಿನದ ಬಂಡಿಯ ಹಾದಿಯಲ್ಲಿ ಇಷ್ಟೊಂದು ನ್ಯಾಯವ್ಯವಸ್ಥೆ ಇದ್ದ ಸೀಮೆ ದೇಶದಲ್ಲೇ ಕಡಿಮೆ. ಸಂಸ್ಥಾನದ ದಫ್ತರು ಮರಾಠಿಯದು, ಬಹಳಷ್ಟು ಮೋಡಿ ಲಿಪಿಯದು. ಪಕ್ಷಗಾರರ ಮಾತು ಕನ್ನಡ. ಮೇಲ್ಮನವಿ ಕೊನೆಗೆ ಮುಟ್ಟುತ್ತಿದ್ದದ್ದು ಅರಮನೆಗೆ. ಕಾಯ್ದೆಯ ಹೆಸರಿನಲ್ಲಿ ಈ ನೆಲ ಕಂಡ ಅತಿ ಕಠೋರ ದಿನಗಳು ಇನ್ನೂ ಹಿಂದಿನವು: 1857ರ ನಿಶ್ಶಸ್ತ್ರೀಕರಣ ಕಾಯ್ದೆಗೆ ತಲೆಬಾಗದ ಹಲಗಲಿಯ ಬೇಡರನ್ನು ಆ ವರ್ಷದ ಡಿಸೆಂಬರಿನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ಗಲ್ಲಿಗೇರಿಸಿದರು. ವಕೀಲನಿಲ್ಲ, ಅಪೀಲಿಲ್ಲ. ಮುಂದಿನ ತೊಂಬತ್ತು ವರ್ಷಗಳಲ್ಲಿ ಇಲ್ಲಿ ಕಟ್ಟಿದ ಕೋರ್ಟುಗಳ ಕತೆಯನ್ನು ಬರೆಯುವಾಗ ಆ ಗಲ್ಲುಗಳನ್ನು ಬಿಟ್ಟು ಬರೆಯುವುದು ಸರಿಯಲ್ಲ.

ಈ ಸ್ಮರಣ ಸಂಚಿಕೆಗೆ, ಹಂಗಾಮಿ ರಾಷ್ಟ್ರಪತಿಯಾಗಿದ್ದ ಬಸಪ್ಪ ದಾನಪ್ಪ ಜತ್ತಿಯವರ ಬಗ್ಗೆ ಬರೆಯಬೇಕೆಂದಾಗ ಬಹುಮಂದಿ ನಿರೀಕ್ಷಿಸುವುದು ರಾಷ್ಟ್ರಪತಿ ಭವನದ ಮೆರುಗನ್ನು. ನನಗೆ ಅವರು ಮುಖ್ಯವಾಗಿ ಕಾಣುವುದು ತಾಲೂಕು ಕೋರ್ಟಿನ ವಕೀಲರಾಗಿ. ಏರಿದ ಪದವಿಗಳಲ್ಲೆಲ್ಲ ಅವರು ಕಾಗದವನ್ನು ನೋಡಿದ ಬಗೆ ತಾಲೂಕಿನ ವಕೀಲ ನೋಡುವ ಬಗೆಯೇ.

ಹುಟ್ಟಿದ್ದು 1912ರ ಸೆಪ್ಟೆಂಬರ್ 10, ಜಮಖಂಡಿ ತಾಲೂಕಿನ ಸಾವಳಗಿಯಲ್ಲಿ. ತಂದೆಯದು ಸಣ್ಣ ಕಿರಾಣಿ ಅಂಗಡಿ. ಊರಿನಲ್ಲಿ ಸೌಕರ್ಯವೆಂಬುದು ಹೆಸರಿಗೂ ಇಲ್ಲ. ಶಾಲೆಯಲ್ಲಿ ಮಕ್ಕಳು ಕೂತದ್ದು ಗೋಣಿತಟ್ಟಿನ ಮೇಲೆ. ಮೊದಮೊದಲು ಅವರು ಅಕ್ಕನ ಬೆನ್ನುಹತ್ತಿ ಹೆಣ್ಣುಮಕ್ಕಳ ಶಾಲೆಗೇ ಹೋಗುತ್ತಿದ್ದರಂತೆ. ಹತ್ತನೆಯ ವಯಸ್ಸಿಗೆ ಮದುವೆಯಾಯಿತು. ಹುಡುಗಿ ಸಂಗಮ್ಮನವರಿಗೆ ಐದು. ಆ ಕಾಲಕ್ಕೆ ಅದರಲ್ಲಿ ವಿಶೇಷವೇನೂ ಇರಲಿಲ್ಲ. ವಿಶೇಷವಿದ್ದದ್ದು ಆ ಮೇಲಿನ ಓದಿನಲ್ಲಿ. ಪದವಿಗೆ ಕೊಲ್ಹಾಪುರದ ರಾಜಾರಾಮ ಕಾಲೇಜು, ಕಾನೂನಿಗೆ ಅಲ್ಲಿಯದೇ ಸೈಕ್ಸ್ ಲಾ ಕಾಲೇಜು. ಇಂದಿನ ಶಹಾಜಿ ಲಾ ಕಾಲೇಜು ಅದೇ. 1933ರಲ್ಲಿ ಶುರುವಾದ ಆ ಕಾಲೇಜು ದಕ್ಷಿಣ ಮಹಾರಾಷ್ಟ್ರದ ಸಂಸ್ಥಾನಗಳ ಹುಡುಗರಿಗೆ ಕರಿಕೋಟು ತೊಡಿಸಿದ ಮನೆ. ಪುಣೆ, ಮುಂಬಯಿಗೆ ಕಳಿಸುವ ತ್ರಾಣವಿಲ್ಲದ ಮನೆಗಳ ಮಕ್ಕಳಿಗೆ ಕೊಲ್ಹಾಪುರವೇ ಗತಿಯಾಗಿತ್ತು.

ಜಮಖಂಡಿಯಲ್ಲಿ ಅವರು ವಕೀಲಿ ಮಾಡಿದ್ದು ಸ್ವಲ್ಪ ಕಾಲ. 1940ರಲ್ಲಿ ಪುರಸಭೆಯ ಸದಸ್ಯರಾದರು, 1945ರಲ್ಲಿ ಅಧ್ಯಕ್ಷರಾದರು. ಆಗಿನ ಪುರಸಭೆಗಳಲ್ಲಿ ವಕೀಲರಿಗೆ ಎಲ್ಲಿಲ್ಲದ ಬೆಲೆ: ನೋಟೀಸು ಬರೆಯುವುದು, ಲಿಲಾವಿನ ಕರಾರು ತಿದ್ದುವುದು, ದರಬಾರಿಗೆ ಅರ್ಜಿ ಹಾಕುವುದು, ಎಲ್ಲಕ್ಕೂ ಅವರೇ ಬೇಕು. ಅಲ್ಲಿಂದ ಸಂಸ್ಥಾನದ ಶಾಸನಸಭೆ, ಮಂತ್ರಿಗಿರಿ, ಕೊನೆಗೆ 1948ರಲ್ಲಿ ದಿವಾನಗಿರಿ. ರಾಜಾ ಶಂಕರರಾವ್ ಪಟವರ್ಧನರ ಸಂಸ್ಥಾನಕ್ಕೆ ಕಿರಾಣಿ ಅಂಗಡಿಯವನ ಮಗ ದಿವಾನನಾದದ್ದೇ ಒಂದು ಯುಗ ಮುಗಿದದ್ದರ ಗುರುತು. ಯುಗವೂ ಬೇಗನೆ ಮುಗಿಯಿತು. ಮಾರ್ಚ್ 8ರಂದು ಜಮಖಂಡಿ, ಮುಧೋಳ, ಸಾಂಗಲಿ ಎಲ್ಲವೂ ಮುಂಬಯಿ ಪ್ರಾಂತಕ್ಕೆ ಸೇರಿದವು. ದಿವಾನರಿಗೆ ರಾಜ್ಯವೇ ಇಲ್ಲದಾಯಿತು.

ಆಗ ಜತ್ತಿಯವರು ಮಾಡಿದ್ದು ನಮ್ಮ ವೃತ್ತಿಯವರು ಹೆಮ್ಮೆಯಿಂದ ಹೇಳಿಕೊಳ್ಳಬೇಕಾದ ಕೆಲಸ: ಕೋಟು ಹಾಕಿಕೊಂಡು ಮತ್ತೆ ಕೋರ್ಟಿಗೆ ಬಂದರು. ಸುಮಾರು 20 ತಿಂಗಳು, ತಾವೇ ದಿವಾನರಾಗಿದ್ದ ಊರಿನಲ್ಲಿ, ಕಟ್ಟೆಯ ಮೇಲೆ ಪಕ್ಷಗಾರರ ದಾರಿ ಕಾಯುತ್ತ ಕೂತರು. ಅಧಿಕಾರ ಹೋದಮೇಲೆ ಊರಿನಲ್ಲಿ ಮುಖ ತೋರಿಸಲು ಹಿಂಜರಿಯುವವರನ್ನು ನಾವೆಲ್ಲ ಕಂಡಿದ್ದೇವೆ. ಜತ್ತಿಯವರಿಗೆ ಆ ಹಿಂಜರಿಕೆ ಇರಲಿಲ್ಲ. ಹೊಸ ಕಾಲಕ್ಕೆ ಆಗ ಅಂಥ ವಕೀಲರ ಅಗತ್ಯವೂ ಇತ್ತು. ಸಂಸ್ಥಾನದ ಕಾಯ್ದೆ ಹೋಗಿ ಮುಂಬಯಿ ಕಾಯ್ದೆ ಬಂದಿತ್ತು. ಹಳೆಯ ಹುಕುಂನಾಮೆ ಯಾವುದು ಊರ್ಜಿತ, ಯಾವುದು ರದ್ದು, ಇನಾಮು ಜಮೀನಿನ ಹಕ್ಕೇನು ಎಂದು ತಿಳಿಯದೆ ಜನ ಒದ್ದಾಡುತ್ತಿದ್ದರು. ಎರಡೂ ವ್ಯವಸ್ಥೆಯನ್ನು ಒಳಗಿನಿಂದ ಬಲ್ಲವರು ಎಷ್ಟು ಮಂದಿ ಇದ್ದಾರು?

ವಿಲೀನವಾದ ಸೀಮೆಯ ಪ್ರತಿನಿಧಿಯಾಗಿ ಮುಂಬಯಿ ವಿಧಾನಸಭೆಗೆ ನಾಮಕರಣಗೊಂಡು, ಮುಖ್ಯಮಂತ್ರಿ ಬಿ.ಜಿ. ಖೇರರಿಗೆ ಸಂಸದೀಯ ಕಾರ್ಯದರ್ಶಿಯಾದರು. 1952ರ ಚುನಾವಣೆಯ ಮೇಲೆ ಮೊರಾರ್ಜಿ ದೇಸಾಯಿಯವರ ಸಂಪುಟದಲ್ಲಿ ಆರೋಗ್ಯ ಮತ್ತು ಕಾರ್ಮಿಕ ಖಾತೆಯ ಉಪಮಂತ್ರಿ. ಮೊರಾರ್ಜಿಯವರ ಹೆಸರನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ. ಅದೇ ಮುಂಬಯಿ ಸಭೆಯಲ್ಲಿ ಉಪಸಭಾಧ್ಯಕ್ಷರಾಗಿದ್ದವರು ನಮ್ಮ ಪಕ್ಕದ ಕೆರೂರಿನ ವಕೀಲರು, ಹುನಗುಂದದ ಶಾಸಕ ಎಸ್.ಆರ್. ಕಂಠಿ. 1956ರ ನವೆಂಬರ್ 1ರಂದು ನಮ್ಮ ಜಿಲ್ಲೆಗಳು ಮೈಸೂರಿಗೆ ಬಂದಾಗ ಕಂಠಿಯವರು ಹೊಸ ವಿಧಾನಸಭೆಯ ಸಭಾಧ್ಯಕ್ಷರಾದರು. 1958ರ ಮೇ 16ರಂದು ನಿಜಲಿಂಗಪ್ಪನವರ ಜಾಗಕ್ಕೆ ಜತ್ತಿಯವರು ಮುಖ್ಯಮಂತ್ರಿಯಾದರು. ಪೀಠದಲ್ಲಿ ಕೆರೂರಿನ ವಕೀಲ, ಸಭಾನಾಯಕರ ಆಸನದಲ್ಲಿ ಸಾವಳಗಿಯ ವಕೀಲ. 1962ರ ಮಾರ್ಚ್‌ವರೆಗೆ ಇದು ನಡೆಯಿತು. ಆ ಮೇಲೆ ಕಂಠಿಯವರೇ ಮೂರು ತಿಂಗಳಷ್ಟು ಕಾಲ ಮುಖ್ಯಮಂತ್ರಿ. ಹೊಸದುರ್ಗದಲ್ಲಿ ಸೋತಿದ್ದ ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಆರಿಸಿ ಬಂದು ಜೂನಿನಲ್ಲಿ ಅಧಿಕಾರ ಹಿಡಿದರು, ಜತ್ತಿಯವರು ಅವರ ಹಣಕಾಸು ಮಂತ್ರಿಯಾದರು. ಒಂದು ಕಾಲಕ್ಕೆ ಬೆಂಗಳೂರಿನ ಅಧಿಕಾರದ ಕೀಲಿಕೈ ಘಟಪ್ರಭೆ-ಕೃಷ್ಣೆಯ ಸೀಮೆಯಲ್ಲೇ ಓಡಾಡುತ್ತಿತ್ತು ಎಂದರೆ ಇಂದಿನ ಹುಡುಗರು ನಂಬಲಿಕ್ಕಿಲ್ಲ.

ಜತ್ತಿಯವರ ಹೆಸರು ನಮ್ಮ ಕೋರ್ಟುಗಳಲ್ಲಿ ಬಹುಕಾಲ ಉಳಿದದ್ದು ಮುಖ್ಯಮಂತ್ರಿಗಿರಿಯಿಂದಲ್ಲ, ಭೂಸುಧಾರಣಾ ಸಮಿತಿಯಿಂದ. 1957ರಲ್ಲಿ ಸರಕಾರ ಆ ಸಮಿತಿಯನ್ನು ಅವರ ಅಧ್ಯಕ್ಷತೆಯಲ್ಲಿ ನೇಮಿಸಿತು. ಒಟ್ಟುಗೂಡಿದ ರಾಜ್ಯದಲ್ಲಿ ಹಳೆ ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂದು ಗೇಣಿಗೆ ಐದು ಬಗೆಯ ಕಾಯ್ದೆ. ಎಲ್ಲವನ್ನೂ ಒಂದು ಮಾಡಬೇಕಿತ್ತು. ರಬಕವಿ-ಬನಹಟ್ಟಿಯ ಸರಹದ್ದನ್ನು ನೋಡುತ್ತ ಬೆಳೆದ ವಕೀಲರಿಗೆ ಇದಕ್ಕಿಂತ ಒಗ್ಗುವ ಕೆಲಸವಿರಲಿಲ್ಲ. ಸಮಿತಿಯ ವರದಿಯ ಆಧಾರದ ಮೇಲೆ 1958ರಲ್ಲಿ ಮಸೂದೆ ಬಂತು. ಅದು 1961ರ ಮೈಸೂರು ಭೂಸುಧಾರಣಾ ಕಾಯ್ದೆಯಾಯಿತು. ರಾಷ್ಟ್ರಪತಿಗಳ ಒಪ್ಪಿಗೆ ದೊರೆತದ್ದು 1962ರ ಮಾರ್ಚ್ 5ರಂದು, ಜತ್ತಿಯವರು ಕುರ್ಚಿ ಬಿಡುವ ದಿನಗಳಲ್ಲಿ. ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು.

ಇಲ್ಲಿ ಹೊಗಳಿಕೆ ನಿಲ್ಲಿಸಿ ಲೆಕ್ಕ ನೋಡಬೇಕು. ಮುಂಬಯಿ ರಾಜ್ಯದಲ್ಲಿ 1948ರ ಕುಳಕಾಯ್ದೆಗೆ ತಿದ್ದುಪಡಿಯಾಗಿ 1957ರ ಏಪ್ರಿಲ್ 1 ‘ಕೃಷಿಕರ ದಿನ’ವಾಯಿತು, ಅಂದಿನಿಂದ ಉಳುವ ಕುಳವನ್ನೇ ಜಮೀನಿನ ಖರೀದಿದಾರನೆಂದು ಕಾಯ್ದೆ ಎಣಿಸಿತು. ಐದೇ ತಿಂಗಳು ಮೊದಲು ಮುಂಬಯಿಯಿಂದ ಬೇರೆಯಾಗಿದ್ದ ನಮ್ಮ ಸೀಮೆಯ ಕುಳಗಳಿಗೆ ಆ ದಿನ ಬರಲೇ ಇಲ್ಲ. ಏಕೀಕರಣದ ಸಂಭ್ರಮದಲ್ಲಿ ಈ ನಷ್ಟವನ್ನು ಯಾರೂ ಬರೆದಿಟ್ಟಿಲ್ಲ. ಜಮಖಂಡಿಯ ಕುಳ ಕಾಯುತ್ತಲೇ ಇದ್ದ, ಮುಂಬಯಿಯಲ್ಲೇ ಉಳಿದ ಜತ್ತ-ಮಿರಜದ ಕುಳ ಉತಾರದಲ್ಲಿ ಹೆಸರು ಹಚ್ಚಿಸಿಕೊಂಡ. ಜತ್ತಿ ಸಮಿತಿಯ ಕಾಯ್ದೆ ಬಂದಾಗಲೂ ಸ್ವಂತ ಸಾಗುವಳಿಗೆ ಎಂದು ಒಡೆಯ ಜಮೀನು ಹಿಂದಕ್ಕೆ ಪಡೆಯುವ ಹಾದಿ ಅದರಲ್ಲಿತ್ತು. ಹಿಡುವಳಿಯ ಮಿತಿಯನ್ನು 27 ಪ್ರಮಾಣಿತ ಎಕರೆಗೆ ಇಟ್ಟದ್ದು ಒಡೆಯರಿಗೆ ನೋವಾಗದಷ್ಟು ದೊಡ್ಡದಾಯಿತು. ಹಿಡಿದ ಕೆಲಸವನ್ನು ಎಲ್ಲರನ್ನೂ ಒಪ್ಪಿಸಿಕೊಂಡು ಮಾಡುವುದು ಅವರ ಸ್ವಭಾವ. ಈ ಕಾಯ್ದೆಯಲ್ಲಿ ಆ ಸ್ವಭಾವ ಕುಳಗಳಿಗೆ ತುಟ್ಟಿಯಾಯಿತು. ಗೇಣಿಯನ್ನೇ ತೆಗೆದುಹಾಕಲು 1974ರ ಮಾರ್ಚ್ 1ರವರೆಗೆ, ದೇವರಾಜ ಅರಸರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಆದರೂ ಅರಸರು ತಿದ್ದಿದ್ದು ಇದೇ ಕಾಯ್ದೆಯನ್ನು. ಒಂದು ರಾಜ್ಯಕ್ಕೆ ಒಂದು ಕಾಯ್ದೆ ಎಂಬ ಅಡಿಪಾಯ ಹಾಕಿರದಿದ್ದರೆ ಅರಸರಿಗೆ ಐದು ಕಡೆ ಅಗೆಯಬೇಕಾಗುತ್ತಿತ್ತು.

ಆ 1974ರ ತಿದ್ದುಪಡಿ ನಮ್ಮ ವೃತ್ತಿಯವರಿಗೆ ಒಂದು ಪೆಟ್ಟನ್ನೂ ಕೊಟ್ಟಿತು. ತಾಲೂಕಿಗೊಂದು ಭೂನ್ಯಾಯ ಮಂಡಳಿ, ಪ್ರಾಂತ ಸಾಹೇಬರು ಅಧ್ಯಕ್ಷರು, ಮುಂದೆ ಏಳನೇ ನಮೂನೆ ಹಿಡಿದ ಕುಳಗಳ ಸಾಲು. ವಕೀಲರಿಗೆ ಮಾತ್ರ ಪ್ರವೇಶವಿಲ್ಲ! ಒಡೆಯನ ಪರ ವಕೀಲ ಬಂದರೆ ಕುಳ ಬಾಯಿಬಿಡಲಾರ ಎಂಬುದು ಸರಕಾರದ ವಾದ. ಅದರಲ್ಲಿ ನಿಜವಿರಲಿಲ್ಲವೆಂದು ಹೇಳಲಾರೆ. ಮಂಡಳಿಯ ಬಾಗಿಲ ಹೊರಗೆ ನಿಂತು ಹೇಳಿಕೆ ಬರೆದುಕೊಟ್ಟವರೂ ವಕೀಲರೇ, ಮಂಡಳಿಯ ಹುಕುಂ ಹಿಡಿದು ಬೆಂಗಳೂರಿಗೆ ರಿಟ್ ಹಾಕಲು ಬಸ್ಸು ಹತ್ತಿದವರೂ ವಕೀಲರೇ. 1987ರಲ್ಲಿ ಸುಪ್ರೀಂ ಕೋರ್ಟು ಆ ನಿರ್ಬಂಧವನ್ನು ತೆಗೆದುಹಾಕಿತು.

1974ರ ಆ ತಿದ್ದುಪಡಿ ಬರುವಷ್ಟರಲ್ಲಿ ಜತ್ತಿಯವರು ರಾಜ್ಯವನ್ನು ದಾಟಿದ್ದರು. 1968ರಿಂದ ಪಾಂಡಿಚೇರಿಯ ಉಪರಾಜ್ಯಪಾಲ, 1972ರಿಂದ ಒಡಿಶಾದ ರಾಜ್ಯಪಾಲ. 1974ರ ಆಗಸ್ಟಿನಲ್ಲಿ ಝಾರ್ಖಂಡ್ ಪಕ್ಷದ ನಿರಲ್ ಎನೆಮ್ ಹೋರೋ ಅವರನ್ನು 521-141 ಮತಗಳಿಂದ ಸೋಲಿಸಿ ಉಪರಾಷ್ಟ್ರಪತಿಯಾದರು. ಹತ್ತೇ ತಿಂಗಳಿಗೆ ತುರ್ತು ಪರಿಸ್ಥಿತಿ ಬಂತು.

ರಾಜ್ಯಸಭೆಯ ಸಭಾಪತಿ ಪೀಠ ಆಗ ಅವರದು. ವಿರೋಧ ಪಕ್ಷದ ನಾಯಕರು ಜೈಲಿನಲ್ಲಿದ್ದರು, ಪತ್ರಿಕೆಗಳಿಗೆ ಸೆನ್ಸಾರು. 1976ರ ನವೆಂಬರ್ 11ರಂದು ಸಂವಿಧಾನದ 42ನೇ ತಿದ್ದುಪಡಿ ರಾಜ್ಯಸಭೆಯಲ್ಲಿ ಅಂಗೀಕಾರವಾಯಿತು. ಆ ಪೀಠದಲ್ಲಿದ್ದ ವಕೀಲರ ಮೌನವನ್ನು ಸ್ಮರಣ ಸಂಚಿಕೆಯ ಸೌಜನ್ಯಕ್ಕಾಗಿ ಮುಚ್ಚಿಡಬಾರದು. ದಿವಾನಗಿರಿ ಹೋದಾಗ ಕೋರ್ಟಿಗೆ ಬಂದು ಕೂರುವ ಧೈರ್ಯವಿದ್ದ ಮನುಷ್ಯ, ಆ 21 ತಿಂಗಳಲ್ಲಿ ಪೀಠ ಬಿಟ್ಟೇಳಲಿಲ್ಲ. ಅದೇ ತಿದ್ದುಪಡಿ 74ನೇ ವಿಧಿಯನ್ನು ಬದಲಿಸಿ, ಮಂತ್ರಿಮಂಡಲದ ಸಲಹೆಯಂತೆಯೇ ರಾಷ್ಟ್ರಪತಿ ನಡೆಯತಕ್ಕದ್ದು ಎಂದು ಕಟ್ಟಿಹಾಕಿತು. 1977ರ ಜನವರಿ 3ರಂದು ಅದು ಜಾರಿಯಾಯಿತು. ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ತೀರಿಕೊಂಡರು. ತಮ್ಮ ಪೀಠದೆದುರು ಹೆಣೆದ ಹಗ್ಗ ಸಾವಳಗಿಯ ವಕೀಲರ ಕೈಗೇ ಬಿತ್ತು.

ಹಂಗಾಮಿ ರಾಷ್ಟ್ರಪತಿಯಾಗಿ ಮಾರ್ಚ್ 24ರಂದು ಅವರು ಪ್ರಮಾಣವಚನ ಬೋಧಿಸಿದ್ದು ಯಾರಿಗೆ? ಮುಂಬಯಿಯಲ್ಲಿ ತಮ್ಮನ್ನು ಉಪಮಂತ್ರಿ ಮಾಡಿಕೊಂಡಿದ್ದ ಮೊರಾರ್ಜಿ ದೇಸಾಯಿಯವರಿಗೆ. ಜನತಾ ಸರಕಾರ ಬಂದ ತಿಂಗಳೊಳಗೆ ಗೃಹಮಂತ್ರಿ ಚರಣ್ ಸಿಂಗರು ಕಾಂಗ್ರೆಸ್ ಆಳುತ್ತಿದ್ದ ಒಂಬತ್ತು ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು: ಲೋಕಸಭೆಯಲ್ಲಿ ನೀವು ನೆಲಕಚ್ಚಿದ್ದೀರಿ, ವಿಧಾನಸಭೆ ವಿಸರ್ಜಿಸಿ ಜನರೆದುರು ಹೋಗಿ ಎಂಬುದು ಅದರ ಸಾರ. ಆರು ರಾಜ್ಯಗಳು ಸುಪ್ರೀಂ ಕೋರ್ಟಿನಲ್ಲಿ 131ನೇ ವಿಧಿಯ ಕೆಳಗೆ ಮೂಲದಾವೆ ಹೂಡಿದವು. ನಾವು ಆಗ ದಿನಾ ಮುನ್ಸೀಫರ ಮುಂದೆ ಹೂಡುತ್ತಿದ್ದಂಥದ್ದೇ ದಾವೆ, ಫಿರ್ಯಾದಿ ರಾಜಸ್ಥಾನ, ಪ್ರತಿವಾದಿ ಭಾರತ ಸರಕಾರ. ಏಳು ನ್ಯಾಯಮೂರ್ತಿಗಳ ಪೀಠ ಏಪ್ರಿಲ್ 29ರಂದು ಒಮ್ಮತದಿಂದ ವಜಾ ಮಾಡಿತು. ಕಾರಣಗಳನ್ನು ಮೇ 6ಕ್ಕೆ ಕೊಟ್ಟಿತು. ವಜಾ ಆದ ದಿನವೇ ಸಂಪುಟದ ಸಲಹೆ ರಾಷ್ಟ್ರಪತಿ ಭವನಕ್ಕೆ ಹೋಯಿತು.

ಜತ್ತಿಯವರು ಸಹಿ ಹಾಕಲಿಲ್ಲ. ವಿಚಾರ ಮಾಡಲು ಸಮಯ ಬೇಕೆಂದರು.

ದಿಲ್ಲಿ ದಿಗಿಲುಬಿತ್ತು. ಸಂಪುಟ ಸೇರಿ ತನ್ನ ಸಲಹೆಯನ್ನು ಮತ್ತೊಮ್ಮೆ ಖಚಿತಪಡಿಸಿತು. 42ನೇ ತಿದ್ದುಪಡಿಯ ಬಳಿಕ ನಿರಾಕರಿಸುವ ಅಧಿಕಾರವೇ ಇಲ್ಲವೆಂಬುದು ಸ್ಪಷ್ಟವಿತ್ತು. ಏಪ್ರಿಲ್ 30ರಂದು ಸಹಿ ಬಿತ್ತು. ಒಂಬತ್ತು ವಿಧಾನಸಭೆಗಳು ಮುಗಿದವು.

ಈ ಒಂದು ದಿನದ ಬಗ್ಗೆ ಎರಡು ಮಾತಿವೆ. ಹಳೆಯ ಪಕ್ಷದ ಋಣ ತೀರಿಸಲು ತಡ ಮಾಡಿದರು ಎಂಬುದು ಒಂದು. ಜೀವನವಿಡೀ ಕಾಂಗ್ರೆಸ್ಸಿಗರಾಗಿದ್ದವರ ಮೇಲೆ ಆ ಗುಮಾನಿ ಸಹಜ. ಕಾಂಗ್ರೆಸ್ಸಿನ ಒತ್ತಾಯವೂ ಇತ್ತು. ನನಗೆ ಇನ್ನೊಂದೇ ಹೆಚ್ಚು ಸರಿ ಎನ್ನಿಸುತ್ತದೆ. ಗೆಲ್ಲಲಾರದ ದಾವೆಯಲ್ಲಿ ತಾಲೂಕಿನ ವಕೀಲನ ಕೈಯಲ್ಲಿ ಉಳಿಯುವುದು ಮುದ್ದತ್ತು ಒಂದೇ. ಎದುರಾಳಿ ಇನ್ನೊಮ್ಮೆ ಯೋಚಿಸಲಿ, ಕೋರ್ಟು ಇನ್ನೊಮ್ಮೆ ಕಾಗದ ನೋಡಲಿ ಎಂದು ತಾರೀಖು ಕೇಳುತ್ತಾನೆ. ಒಂಬತ್ತು ರಾಜ್ಯಗಳ ಆರಿಸಿ ಬಂದ ಸಭೆಗಳನ್ನು ಒಂದೇ ಲೇಖನಿಯಲ್ಲಿ ಹೊಡೆದುಹಾಕುವ ಕಾಗದಕ್ಕೆ ಒಂದು ದಿನದ ಮುದ್ದತ್ತು ಹೆಚ್ಚೇನೂ ಅಲ್ಲ.

ಸಂವಿಧಾನವೂ ಆ ಮೇಲೆ ಇದೇ ದಾರಿಗೆ ಬಂತು. ಸಲಹೆಯನ್ನು ಮರುಪರಿಶೀಲನೆಗೆ ಒಮ್ಮೆ ಹಿಂದಕ್ಕೆ ಕಳಿಸುವ ಅಧಿಕಾರವನ್ನು 44ನೇ ತಿದ್ದುಪಡಿ ರಾಷ್ಟ್ರಪತಿಗೆ ಕೊಟ್ಟಿತು. ಜತ್ತಿಯವರಿಂದಾಗಿಯೇ ಅದು ಬಂತೆಂದು ನಾನು ವಾದಿಸುವುದಿಲ್ಲ. ಆ ತಿದ್ದುಪಡಿಗೆ ಒಪ್ಪಿಗೆ ಸಿಕ್ಕ ದಿನ ಮಾತ್ರ 1979ರ ಏಪ್ರಿಲ್ 30. ಸರಿಯಾಗಿ ಎರಡು ವರ್ಷ.

1980ರಲ್ಲಿ ಇಂದಿರಾ ಗಾಂಧಿಯವರು ಮರಳಿ ಬಂದು ಜನತಾ ಪಕ್ಷದ ಲೆಕ್ಕವನ್ನು ಅದೇ ಬಗೆಯಲ್ಲಿ ಚುಕ್ತಾ ಮಾಡಿದರು: ಮತ್ತೆ ಒಂಬತ್ತು ರಾಜ್ಯ. ಇದಕ್ಕೆಲ್ಲ ಕಡಿವಾಣ ಬಿದ್ದದ್ದು 1994ರ ಮಾರ್ಚ್ 11ರ ತೀರ್ಪಿನಲ್ಲಿ. ಒಂಬತ್ತು ನ್ಯಾಯಮೂರ್ತಿಗಳ ಆ ತೀರ್ಪು ಹುಬ್ಬಳ್ಳಿಯಲ್ಲಿ ವಕೀಲಿ ಮಾಡಿದ ಎಸ್.ಆರ್. ಬೊಮ್ಮಾಯಿಯವರ ಹೆಸರಿನಲ್ಲೇ ದೇಶದ ಎಲ್ಲ ಕಾನೂನು ಪುಸ್ತಕಗಳಲ್ಲಿದೆ. ಬಹುಮತ ಸದನದಲ್ಲೇ ಸಾಬೀತಾಗಲಿ, ಸಂಸತ್ತು ಒಪ್ಪುವವರೆಗೆ ವಿಧಾನಸಭೆಯನ್ನು ವಿಸರ್ಜಿಸಬೇಡಿ ಎಂದು ಅದು ಹೇಳಿತು. 1977ರಲ್ಲಿ ಉತ್ತರ ಕರ್ನಾಟಕದ ಒಬ್ಬ ವಕೀಲರು ಒಂದು ದಿನ ತಡೆದ ಕಾಗದ, 17 ವರ್ಷದ ಮೇಲೆ ಇನ್ನೊಬ್ಬ ವಕೀಲರ ದಾವೆಯಲ್ಲಿ ತಪಾಸಣೆಗೆ ಒಳಗಾಯಿತು.

1977ರ ಜುಲೈ 25ರಂದು ನೀಲಂ ಸಂಜೀವ ರೆಡ್ಡಿಯವರಿಗೆ ಅಧಿಕಾರ ಬಿಟ್ಟುಕೊಟ್ಟು ಜತ್ತಿಯವರು ರಾಜ್ಯಸಭೆಯ ಪೀಠಕ್ಕೆ ಮರಳಿದರು. ಅದಕ್ಕೆ ನಾಲ್ಕು ದಿನ ಮೊದಲು ಲೋಕಸಭೆಗೆ ಹೊಸ ಸ್ಪೀಕರ್ ಬಂದಿದ್ದರು, ಕಾರ್ಕಳ ಸೀಮೆಯ ಕೌಡೂರಿನ ಕೆ.ಎಸ್. ಹೆಗ್ಡೆ. ಅಮೆರಿಕದಲ್ಲಿ ವಕೀಲ ಶಾಸಕನಾಗಿ ಆಮೇಲೆ ನ್ಯಾಯಾಧೀಶನಾಗುವುದು ಸಾಮಾನ್ಯ. ನಮ್ಮಲ್ಲಿ ಅದು ಅಪರೂಪ, ಹೆಗ್ಡೆಯವರು ಆ ಅಪರೂಪದವರು. ಸರಕಾರಿ ವಕೀಲ, ರಾಜ್ಯಸಭಾ ಸದಸ್ಯ, 1957ರಲ್ಲಿ ಮೈಸೂರು ಹೈಕೋರ್ಟಿನ ನ್ಯಾಯಮೂರ್ತಿ, ದಿಲ್ಲಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ, ಸುಪ್ರೀಂ ಕೋರ್ಟು. 1973ರಲ್ಲಿ ಹಿರಿತನ ದಾಟಿ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ರಾಜೀನಾಮೆ ಬಿಸಾಕಿ ಬಂದು, ಬೆಂಗಳೂರು ದಕ್ಷಿಣದಿಂದ ಗೆದ್ದರು. ಹೀಗೆ 1977ರಿಂದ 1979ರವರೆಗೆ ಸಂಸತ್ತಿನ ಎರಡೂ ಸದನದ ಪೀಠಗಳಲ್ಲಿ ಕನ್ನಡದ ವಕೀಲರಿದ್ದರು. ಇಬ್ಬರ ಮನೋಧರ್ಮ ಬೇರೆಬೇರೆ. ಹೆಗ್ಡೆಯವರು ಎದ್ದು ನಡೆಯುವವರು, ಜತ್ತಿಯವರು ತಾರೀಖು ಕೇಳುವವರು.

1979ರ ಆಗಸ್ಟಿನಲ್ಲಿ ನಿವೃತ್ತರಾದ ಜತ್ತಿಯವರ ಉಳಿದ ಕಾಲವೆಲ್ಲ 1964ರಲ್ಲಿ ತಾವೇ ಕಟ್ಟಿದ್ದ ಬಸವ ಸಮಿತಿಗೆ ಹೋಯಿತು. 2002ರ ಜೂನ್ 7ರಂದು ಬೆಂಗಳೂರಿನಲ್ಲಿ ತೀರಿಕೊಂಡರು.

ಇತ್ತ ನಮ್ಮ ಕೋರ್ಟುಗಳ ಕಸುಬೂ ಬದಲಾಗಿತ್ತು. 1964ರ ಮೇ 22ರಂದು ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಬಿದ್ದಾಗ ಅದು ಬೀಳಗಿಯ ವಕೀಲರ ಮೇಜಿಗೆ ಎಷ್ಟು ಕಾಗದ ತರುತ್ತದೆಂದು ಯಾರೂ ಎಣಿಸಿರಲಿಕ್ಕಿಲ್ಲ. ಹಿನ್ನೀರಿಗೆ ಹೊಲ, ಮನೆ, ಬಾವಿ ಹೋದವರ ಪರಿಹಾರದ ದಾವೆಗಳು ಒಂದು ತಲೆಮಾರಿನ ವಕೀಲರನ್ನು ಸಾಕಿದವು. ಕೆಲವು ಮನೆಗಳನ್ನು ಉಳಿಸಿದವು, ಕೆಲವರ ಪರಿಹಾರದ ದುಡ್ಡು ಕೋರ್ಟಿನ ಓಡಾಟಕ್ಕೇ ಹೋಯಿತು. 1948ರಿಂದ ಮುಂಬಯಿಗೆ, 1956ರಿಂದ ಬೆಂಗಳೂರಿಗೆ ಹೋಗುತ್ತಿದ್ದ ಮೇಲ್ಮನವಿ, 2008ರ ಜುಲೈನಲ್ಲಿ ಧಾರವಾಡಕ್ಕೆ ಸಂಚಾರಿ ಪೀಠ ಬಂದಮೇಲೆ ಹತ್ತಿರವಾಯಿತು. 2013ರಲ್ಲಿ ಅದು ಕಾಯಂ ಆಯಿತು. ಬೆಳಗಿನ ಬಸ್ಸಿಗೆ ಹೋಗಿ ಸಂಜೆಗೆ ತಿರುಗಿ ಬರುವ ಹೈಕೋರ್ಟು ಜಮಖಂಡಿಯ ಕಕ್ಷಿದಾರನಿಗೆ ಸಿಕ್ಕಿದ್ದು ಆಗಲೇ.

ಇನ್ನು ಒಂದು ಕೆಲಸ ಬಾಕಿ ಇದೆ, ಇದನ್ನು ಓದುವ ಕಿರಿಯ ವಕೀಲರಿಗೆ ಹೇಳುತ್ತೇನೆ. ಸಂಸ್ಥಾನ ಕಾಲದ ವಾಟಣಿ ಪತ್ರ, ಇನಾಮಿನ ಸನದು, ಹುಕುಂನಾಮೆಗಳು ಇನ್ನೂ ಎಷ್ಟೋ ಮನೆಗಳ ಟ್ರಂಕಿನಲ್ಲಿವೆ. ವಾರಸಾ ದಾವೆ ಬಂದಾಗ ಹೊರಗೆ ಬರುತ್ತವೆ. ಅವುಗಳಲ್ಲಿ ಬಹಳಷ್ಟು ಮೋಡಿ. ಓದಬಲ್ಲವರು ಕೈಬೆರಳಿನಷ್ಟಾಗಿದ್ದಾರೆ. ಅವರಿರುವಾಗಲೇ ಒಂದಿಬ್ಬರು ಹುಡುಗರನ್ನು ಹತ್ತಿರ ಕೂಡ್ರಿಸಿ ಲಿಪಿ ಕಲಿಸಬೇಕು, ಕಾಗದಗಳ ನಕಲು ತೆಗೆದು ನಮ್ಮ ಗ್ರಂಥಾಲಯದಲ್ಲಿ ಇಡಬೇಕು. ಕುಂದಗೋಳದವರನ್ನೂ, ಸಾಂಗಲಿಯವರನ್ನೂ ಇದರಲ್ಲಿ ಸೇರಿಸಿಕೊಳ್ಳಬಹುದು. ಅವರ ಮನೆಗಳಲ್ಲೂ ನಮ್ಮ ದಫ್ತರಿನ ತುಂಡುಗಳಿವೆ.